ಮೇಲ್ ಕಳಿಸೋ ಮುಂಚೆ ನಿಮ್ಮ ಇಂಗ್ಲಿಷನ್ನ ನೀವೇ ತಿದ್ಕೊಳ್ಳೋದು ಹೇಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಇಂಗ್ಲಿಷಲ್ಲಿ ಸಾಮಾನ್ಯವಾಗಿ ಆಗೋ ತಪ್ಪುಗಳ ಪಟ್ಟಿ ಓದಿರೋರು ಬೇಕಾದಷ್ಟು ಜನ ಇದಾರೆ. ಓದುವಾಗ ಎಲ್ಲಾ ಗೊತ್ತಿರೋದೇ ಅನ್ಸುತ್ತೆ, ಆದ್ರೆ ಮಾರನೇ ದಿನ ಕೆಲಸಕ್ಕೆ ಅರ್ಜಿ ಬರೆಯೋಕೆ ಕೂತಾಗ ಅದೇ "ಡಿಸ್ಕಸ್ ಅಬೌಟ್", ಅದೇ "ಸಿನ್ಸ್ ಟೂ ಇಯರ್ಸ್" ಮತ್ತೆ ಬಂದು ಕೂತಿರುತ್ತೆ. ಬರೆಯೋ ಹೊತ್ತಲ್ಲಿ ತಲೆ ಪೂರ್ತಿ ಏನು ಹೇಳ್ಬೇಕು ಅನ್ನೋದ್ರಲ್ಲೇ ಇರುತ್ತೆ, ವ್ಯಾಕರಣ ನೋಡೋಕೆ ಜಾಗನೇ ಇರಲ್ಲ, ಅದಕ್ಕೆ ತಿದ್ದೋ ಕೆಲಸನ ಬರೆಯೋ ಕೆಲಸದಿಂದ ಬೇರೆ ಮಾಡ್ಬೇಕು, ಅದೂ ಒಂದು ಸುತ್ತಿಗೆ ಒಂದೇ ಜಾತಿ ತಪ್ಪು ಹುಡುಕ್ಬೇಕು.

ಸಮಾಧಾನದ ವಿಷಯ ಏನಂದ್ರೆ ನಮ್ಮ ತಪ್ಪುಗಳಲ್ಲಿ ಬಹಳಷ್ಟು ಕನ್ನಡದ ವಾಕ್ಯ ಇಂಗ್ಲಿಷ್ ಬಟ್ಟೆ ಹಾಕ್ಕೊಂಡು ಬಂದಿರೋದು. ಎಲ್ಲಿಂದ ಬರುತ್ತೆ ಅಂತ ಗೊತ್ತಾದ್ರೆ ಎಲ್ಲಿ ಹುಡುಕ್ಬೇಕು ಅಂತನೂ ಗೊತ್ತಾಗುತ್ತೆ. ಇಡೀ ವ್ಯಾಕರಣ ಪುಸ್ತಕ ಓದೋ ಅಗತ್ಯ ಇಲ್ಲ. ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ, ಯಾಕಂದ್ರೆ ಮೊದಲು ಕಾಮಾ ಸರಿ ಮಾಡಿ ಆಮೇಲೆ ಇಡೀ ವಾಕ್ಯನೇ ಒಡೆದು ಕಟ್ಟಿದ್ರೆ ಮೊದಲಿನ ಕೆಲಸ ಎಲ್ಲಾ ವ್ಯರ್ಥ. ಕ್ರಿಯಾಪದ ಮೊದಲು, ಸ್ಪೆಲಿಂಗ್ ಕೊನೆಗೆ.

ಇನ್ನೊಂದು ಮಾತು. ಒಂದೇ ಥರ ಕೇಳಿಸೋ ಪದಗಳನ್ನ ಕನ್ನಡ ಲಿಪಿಯಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ, ಹಾಗಾಗಿ ಬೇಕಾದ ಕಡೆ ಅಕ್ಷರ ಬಿಡಿಸಿ ಹೇಳಿದೀನಿ, ಪಕ್ಕದಲ್ಲಿ ಒಂದು ಪೇಪರ್ ಇಟ್ಕೊಂಡು ಇಂಗ್ಲಿಷಲ್ಲಿ ಬರೆದು ನೋಡ್ತಾ ಓದಿ.

## ಬೇಕಾಗಿರೋದು ಏನೇನು

ಹುಡುಕೋ ಸೌಲಭ್ಯ ಇರೋ ಯಾವುದಾದ್ರೂ ಎಡಿಟರ್ ಸಾಕು, ವರ್ಡ್ ಆಗಲಿ ಗೂಗಲ್ ಡಾಕ್ಸ್ ಆಗಲಿ. ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದ್ರೆ ಹುಡುಕೋ ಡಬ್ಬಿ ಬರುತ್ತಲ್ಲ, ಈ ಮಾರ್ಗದರ್ಶಿಯ ಅರ್ಧ ಕೆಲಸ ಅದರಿಂದನೇ. ಮೊಬೈಲಲ್ಲೇ ಬರೆಯೋರು ಕೂಡ ಮುಖ್ಯವಾದ ಮೇಲನ್ನ ಡಾಕ್ಸಿಗೆ ಹಾಕಿ ತಿದ್ದಿ, ಸಣ್ಣ ಸ್ಕ್ರೀನಲ್ಲಿ ತಪ್ಪು ಕಣ್ಣಿಗೆ ಬೀಳೋದು ಕಷ್ಟ.

ಎರಡನೇದು, ಕಲಿಯೋರಿಗೆ ಅಂತಲೇ ಮಾಡಿರೋ ನಿಘಂಟು. ಕೇಂಬ್ರಿಡ್ಜ್ ಮತ್ತೆ ಆಕ್ಸ್‌ಫರ್ಡ್ ಲರ್ನರ್ಸ್ ಎರಡೂ ಆನ್‌ಲೈನಲ್ಲಿ ಫ್ರೀ ಆಗಿ ಸಿಗುತ್ತೆ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಹೇಳುತ್ತೆ, ಆದ್ರೆ ಆ ಪದದ ಮುಂದೆ ಆನ್ ಬರುತ್ತಾ ಇನ್ ಬರುತ್ತಾ, ಅದಕ್ಕೆ ಬಹುವಚನ ಇದೆಯಾ ಅಂತ ಹೇಳೋದು ಲರ್ನರ್ಸ್ ನಿಘಂಟೇ. ಅಲ್ಲಿರೋ ಉದಾಹರಣೆ ವಾಕ್ಯಗಳನ್ನ ಬಿಟ್ಟು ಮುಂದೆ ಹೋಗ್ಬೇಡಿ, ಉಪಯೋಗಕ್ಕೆ ಬರೋದು ಅವೇ.

ಮೂರನೇದು ಗ್ರಾಮರ್ಲಿ, ಲ್ಯಾಂಗ್ವೇಜ್ ಟೂಲ್ ಥರದ ಸಾಫ್ಟ್‌ವೇರ್. ಇದನ್ನ ಈಗಲೇ ತೆಗೀಬೇಡಿ, ಕೊನೇ ಹಂತಕ್ಕೆ ಇರಲಿ.

## ಹಂತ 1: ಆರೋಕೆ ಬಿಡಿ, ಆಮೇಲೆ ಕಿವಿಯಿಂದ ಓದಿ

ಬರೆದು ಮುಗಿದ ತಕ್ಷಣ ತಿದ್ದೋಕೆ ಹೋಗ್ಬೇಡಿ, ಕಣ್ಣು ಪೇಪರ್ ಮೇಲಿರೋದನ್ನ ಓದಲ್ಲ, ತಲೇಲಿರೋದನ್ನ ಓದುತ್ತೆ. ಒಂದು ಗಂಟೆ ಬಿಡಿ, ಅರ್ಜೆಂಟ್ ಇದ್ರೆ ಒಂದು ಕಾಫಿ ಕುಡಿಯೋ ಹೊತ್ತಾದ್ರೂ ಬಿಡಿ. ವಾಪಸ್ ಬಂದು ಫಾಂಟ್ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ, ಬೇರೆ ಯಾರೋ ಬರೆದಿರೋ ಥರ ಕಾಣ್ಬೇಕು.

ಆಮೇಲೆ ಅದನ್ನ ಕೇಳಿಸ್ಕೊಳ್ಳಿ. ವರ್ಡಲ್ಲಿ ರಿವ್ಯೂ ಟ್ಯಾಬಿನಲ್ಲಿ ರೀಡ್ ಅಲೌಡ್ ಇದೆ, ಆಂಡ್ರಾಯ್ಡಲ್ಲಿ ಆಕ್ಸೆಸಿಬಿಲಿಟಿ ಒಳಗೆ ಸೆಲೆಕ್ಟ್ ಟು ಸ್ಪೀಕ್, ಐಫೋನಲ್ಲಿ ಸ್ಪೀಕ್ ಸ್ಕ್ರೀನ್. ಯಂತ್ರ ಇರೋದನ್ನ ಇರೋ ಹಾಗೇ ಓದುತ್ತೆ, ಬಿಟ್ಟುಹೋಗಿರೋ "ಟು", ಎರಡು ಸಲ ಬಂದಿರೋ "ದಿ", ಎಲ್ಲಾ ಥಟ್ ಅಂತ ಕಿವಿಗೆ ಸಿಗುತ್ತೆ. ಈ ಸುತ್ತಲ್ಲಿ ಏನೂ ತಿದ್ದಬೇಡಿ, ಎಡವಿದ ಜಾಗಕ್ಕೆ ಹಳದಿ ಬಣ್ಣ ಹಾಕ್ತಾ ಹೋಗಿ ಅಷ್ಟೇ. ಒಂದು ವಾಕ್ಯ ಓದಿ ಮುಗಿಸೋವಷ್ಟರಲ್ಲಿ ಅದರ ಶುರು ಮರೆತುಹೋಯ್ತು ಅಂದ್ರೆ ಅದನ್ನ ಎರಡು ಮಾಡ್ಬೇಕು ಅಂತ ಗುರುತು ಮಾಡ್ಕೊಳ್ಳಿ.

## ಹಂತ 2: ಕ್ರಿಯಾಪದ ಮತ್ತು ಕಾಲ

ಅತಿ ಹೆಚ್ಚು ತಪ್ಪು ಇರೋದು ಇಲ್ಲೇ, ಹಾಗಾಗಿ ಅತಿ ಹೆಚ್ಚು ಸಮಯನೂ ಇಲ್ಲೇ ಕೊಡಿ.

ಮೊದಲು "ಹ್ಯಾಡ್" ಅಂತ ಹುಡುಕಿ. ಕನ್ನಡದಲ್ಲಿ "ನಿನ್ನೆ ಮೇಲ್ ಕಳಿಸಿದ್ದೆ" ಅಂತೀವಿ, ಅದರಲ್ಲಿರೋ "ಇದ್ದೆ" ನೇರವಾಗಿ "ಹ್ಯಾಡ್" ಆಗಿ ಇಳಿಯುತ್ತೆ, "ಐ ಹ್ಯಾಡ್ ಸೆಂಟ್ ದ ಮೇಲ್ ಯೆಸ್ಟರ್ಡೇ" ಆಗುತ್ತೆ. ಇಂಗ್ಲಿಷಲ್ಲಿ ಇದಕ್ಕೆ "ಐ ಸೆಂಟ್ ದ ಮೇಲ್ ಯೆಸ್ಟರ್ಡೇ" ಸಾಕು. ಹ್ಯಾಡ್ ಜೊತೆಗಿನ ರೂಪ ಬೇಕಾಗೋದು ಹಿಂದೆ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಅಂತ ತೋರಿಸೋಕೆ: ನಾನು ಸ್ಟೇಷನ್ ಮುಟ್ಟೋ ಹೊತ್ತಿಗೆ ಟ್ರೈನ್ ಹೊರಟುಹೋಗಿತ್ತು, ಇಲ್ಲಿ ಟ್ರೈನಿಗೆ "ಹ್ಯಾಡ್ ಲೆಫ್ಟ್" ಸರಿ. ಸಿಕ್ಕ ಪ್ರತಿ ಹ್ಯಾಡ್ ಮುಂದೆ ನಿಂತು ಎರಡನೇ ಘಟನೆ ಯಾವುದು ಅಂತ ಕೇಳ್ಕೊಳ್ಳಿ, ಇಲ್ಲ ಅಂದ್ರೆ ತೆಗೆದು ಸಾದಾ ಭೂತಕಾಲ ಹಾಕಿ. ವಾಕ್ಯದಲ್ಲಿ ಯೆಸ್ಟರ್ಡೇ, ಲಾಸ್ಟ್ ವೀಕ್ ಅಂತ ಇದ್ದು ಪಕ್ಕದಲ್ಲೇ ಹ್ಯಾಡ್ ಇದ್ರೆ ಅದು ಬಹುಪಾಲು ಬೇಡದೇ ಇರೋದು.

ಆಮೇಲೆ "ಸಿನ್ಸ್" ಹುಡುಕಿ. "ಎರಡು ವರ್ಷದಿಂದ ಕೆಲಸ ಮಾಡ್ತಿದೀನಿ" ಅನ್ನೋದು "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ಆಗುತ್ತೆ, ಇದರಲ್ಲಿ ಎರಡು ತಪ್ಪಿದೆ. ಸಿನ್ಸ್ ಮುಂದೆ ಶುರುವಾದ ಹೊತ್ತು ಬರ್ಬೇಕು, ಸಿನ್ಸ್ 2021, ಸಿನ್ಸ್ ಮಂಡೇ, ಈ ಥರ. ಎಷ್ಟು ಕಾಲ ಅಂತ ಹೇಳೋಕೆ "ಫಾರ್". ಜೊತೆಗೆ ಕ್ರಿಯಾಪದ "ಹ್ಯಾವ್ ಬೀನ್ ವರ್ಕಿಂಗ್" ಆಗ್ಬೇಕು. ಕನ್ನಡದ "ಇಂದ" ಎರಡಕ್ಕೂ ಸಲ್ಲುತ್ತೆ, ಅದಕ್ಕೆ ನಮಗೆ ವ್ಯತ್ಯಾಸ ಕಾಣಲ್ಲ. ರೆಸ್ಯೂಮೆ ಜೊತೆ ಹೋಗೋ ಪತ್ರದಲ್ಲಿ ಈ ವಾಕ್ಯ ಇದ್ದೇ ಇರುತ್ತೆ, ಅದೂ ಮೊದಲ ಪ್ಯಾರಾದಲ್ಲೇ, ದಯವಿಟ್ಟು ಇದೊಂದನ್ನ ಬಿಡದೇ ನೋಡಿ.

ಮೂರನೇದು ಬೇಡದ ಕಡೆ "ಇಂಗ್". "ಅರ್ಥ ಆಗ್ತಿಲ್ಲ" ಅನ್ನೋದು "ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್" ಆಗುತ್ತೆ, ಇಬ್ಬರು ಅಕ್ಕಂದಿರು ಇದಾರೆ ಅನ್ನೋದು "ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್" ಆಗುತ್ತೆ. ಗೊತ್ತಿರೋದು, ಅರ್ಥ ಆಗೋದು, ಬೇಕು ಅನ್ಸೋದು, ಸ್ವಂತ ಇರೋದು, ಸೇರಿರೋದು, ಇವೆಲ್ಲ ಸ್ಥಿತಿಗಳು, ನಡೀತಿರೋ ಕೆಲಸ ಅಲ್ಲ, ಹಾಗಾಗಿ ನೋ, ಅಂಡರ್‌ಸ್ಟ್ಯಾಂಡ್, ವಾಂಟ್, ಓನ್, ಬಿಲಾಂಗ್, ಇದೆ ಅನ್ನೋ ಅರ್ಥದ ಹ್ಯಾವ್, ಇವುಗಳಿಗೆ ಔಪಚಾರಿಕ ಬರವಣಿಗೆಯಲ್ಲಿ ಇಂಗ್ ಹಾಕ್ಬೇಡಿ. "ಐ ಆಮ್ ಹ್ಯಾವಿಂಗ್ ಲಂಚ್" ಸರಿ, ಯಾಕಂದ್ರೆ ಅಲ್ಲಿ ಅದು ತಿನ್ನೋ ಕೆಲಸ.

ನಾಲ್ಕನೇದು "ವುಡ್". ಮರ್ಯಾದೆಗೆ ಅಂತ ವಿಲ್ ಬದಲು ಎಲ್ಲಾ ಕಡೆ ವುಡ್ ಹಾಕೋ ಅಭ್ಯಾಸ ನಮ್ಮ ಆಫೀಸುಗಳಲ್ಲಿ ಬೇರೂರಿದೆ. "ದ ಆಫೀಸ್ ವುಡ್ ಬಿ ಕ್ಲೋಸ್ಡ್ ಟುಮಾರೋ" ಅಂದ್ರೆ ಓದೋರಿಗೆ ಇದು ಖಚಿತನಾ ಅಥವಾ ಏನೋ ಷರತ್ತು ಇದೆಯಾ ಅನ್ನೋ ಅನುಮಾನ ಬರುತ್ತೆ. ಖಚಿತ ಇದ್ರೆ ವಿಲ್ ಹಾಕಿ. "ಐ ವುಡ್ ಲೈಕ್ ಟು" ಹಾಗೇ ಇರಲಿ, ಅದು ಸರಿಯಾದ ವಿನಯ.

ಇನ್ನು ಬೇಗ ಮುಗಿಯೋವು: ಡಿಡ್ ಆದ್ಮೇಲೆ ಕ್ರಿಯಾಪದ ಮೂಲ ರೂಪದಲ್ಲೇ ಇರ್ಬೇಕು, "ಡಿಡ್ ನಾಟ್ ವೆಂಟ್" ಅಲ್ಲ "ಡಿಡ್ ನಾಟ್ ಗೋ". "ಕ್ಯಾನ್ ಏಬಲ್ ಟು" ಅಂತ ಇಲ್ಲ, ಒಂದೋ ಕ್ಯಾನ್, ಒಂದೋ ಆಮ್ ಏಬಲ್ ಟು. "ಇಫ್" ಅಥವಾ ಯಾವಾಗ ಅನ್ನೋ "ವೆನ್" ಇರೋ ಭಾಗದಲ್ಲಿ ಭವಿಷ್ಯದ "ವಿಲ್" ಬೇಡ, "ವೆನ್ ಐ ವಿಲ್ ರೀಚ್" ಅನ್ನೋದು "ವೆನ್ ಐ ರೀಚ್" ಆಗಲಿ. "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಅನ್ನೋದು "ಮೀಟಿಂಗ್ ಯು" ಆಗ್ಬೇಕು, ಇದು ಮೇಲಿನ ಕೊನೇ ಸಾಲಲ್ಲಿ ಕೂತಿರುತ್ತೆ, ಓದಿ ಸುಸ್ತಾಗಿರೋ ಕಣ್ಣಿಗೆ ಕಾಣಲ್ಲ.

ಕೊನೇದು ಏಕವಚನ ಬಹುವಚನದ ಹೊಂದಾಣಿಕೆ. ಮಾತಾಡುವಾಗ ನಾವು "ಮೂರು ಪುಸ್ತಕ ಇದೆ" ಅಂತೀವಿ, ಕನ್ನಡದಲ್ಲಿ ಯಾರಿಗೂ ಅದು ಕಿವಿಗೆ ಚುಚ್ಚಲ್ಲ, ಇಂಗ್ಲಿಷಿಗೆ ಬಂದಾಗ "ದೇರ್ ಈಸ್ ತ್ರೀ ಬುಕ್ಸ್" ಆಗಿಬಿಡುತ್ತೆ. ಇನ್ನೊಂದು ಕಡೆ, "ದ ಲಿಸ್ಟ್ ಆಫ್ ಡಾಕ್ಯುಮೆಂಟ್ಸ್ ಆರ್ ಅಟ್ಯಾಚ್ಡ್" ಅಂತ ಬರೀತಾರೆ, ಇಲ್ಲಿ ಅಟ್ಯಾಚ್ ಆಗಿರೋದು ಲಿಸ್ಟ್, ಅದು ಒಂದೇ, ಹಾಗಾಗಿ "ಈಸ್". ಕ್ರಿಯಾಪದಕ್ಕೆ ಹತ್ತಿರ ಇರೋ ಪದ ನೋಡಿ ಮೋಸ ಹೋಗ್ಬೇಡಿ, ಆಫ್ ಹಿಂದೆ ಇರೋ ಪದ ನೋಡಿ.

## ಹಂತ 3: ವಾಕ್ಯದ ಜೋಡಣೆ

ವಾಕ್ಯದ ಒಳಗೆ ಇನ್ನೊಂದು ಪ್ರಶ್ನೆ ಇರೋ ಕಡೆ ನೋಡಿ. "ಅದು ಎಲ್ಲಿದೆ ಅಂತ ಗೊತ್ತಿಲ್ಲ" ಅನ್ನೋದು "ಐ ಡೋಂಟ್ ನೋ ವೇರ್ ಈಸ್ ಇಟ್" ಆಗುತ್ತೆ. ಕನ್ನಡದಲ್ಲಿ "ಅದು ಎಲ್ಲಿದೆ" ನೇರ ಪ್ರಶ್ನೆ ಆದ್ರೂ ಅಷ್ಟೇ, ಒಳಗಿನ ಪ್ರಶ್ನೆ ಆದ್ರೂ ಅಷ್ಟೇ, ಪದಗಳ ಜಾಗ ಬದಲಾಗಲ್ಲ. ಇಂಗ್ಲಿಷಲ್ಲಿ ನೇರ ಪ್ರಶ್ನೆಗೆ ಮಾತ್ರ ಈಸ್ ಮೊದಲು ಬರುತ್ತೆ, ಒಳಗಿನ ಪ್ರಶ್ನೆಗೆ "ವೇರ್ ಇಟ್ ಈಸ್". ನೋ, ಟೆಲ್ ಮಿ, ಲೆಟ್ ಮಿ ನೋ, ಕನ್ಫರ್ಮ್, ಇವುಗಳ ಮುಂದೆ ವೆನ್, ವೇರ್, ವಾಟ್, ಹೌ, ವೈ ಬಂದ್ರೆ ನಿಂತು ಕ್ರಮ ನೋಡಿ. "ಪ್ಲೀಸ್ ಲೆಟ್ ಮಿ ನೋ ವೆನ್ ವಿಲ್ ಯು ಕಮ್" ಅನ್ನೋದನ್ನ "ವೆನ್ ಯು ವಿಲ್ ಕಮ್" ಮಾಡಿ. ಹಿಂದಿನ ಹಂತದಲ್ಲಿ ವೆನ್ ಜೊತೆ ವಿಲ್ ಬೇಡ ಅಂದೆನಲ್ಲ, ಇದು ಅದಕ್ಕೆ ವಿರುದ್ಧ ಅಂತ ಗಾಬರಿ ಬೇಡ: ಅಲ್ಲಿ ವೆನ್ ಅಂದ್ರೆ "ಮುಟ್ಟಿದಾಗ" ಅನ್ನೋ ಥರ, ಇಲ್ಲಿ ವೆನ್ ಅಂದ್ರೆ "ಯಾವಾಗ?" ಅನ್ನೋ ಪ್ರಶ್ನೆ.

"ಟೋಲ್ಡ್ ದಟ್" ಹುಡುಕಿ. ಹೇಳು ಅನ್ನೋ ಒಂದೇ ಪದಕ್ಕೆ ಅಲ್ಲಿ ಸೇ ಮತ್ತು ಟೆಲ್ ಎರಡಿದೆ. ಟೆಲ್ ಬಂದ್ರೆ ಯಾರಿಗೆ ಅಂತ ಹೇಳ್ಬೇಕು, "ಹಿ ಟೋಲ್ಡ್ ಮಿ ದಟ್". ಯಾರಿಗೆ ಅನ್ನೋದು ಬೇಡ ಅಂದ್ರೆ "ಹಿ ಸೆಡ್ ದಟ್".

"ಆಲ್ದೋ" ಇರೋ ವಾಕ್ಯದಲ್ಲಿ "ಬಟ್" ಕೂಡ ಇದ್ರೆ ಒಂದನ್ನ ತೆಗೀರಿ. "ಸಪೋಸ್ ಇಫ್" ಅಲ್ಲೂ ಒಂದು ಸಾಕು. "ದ ರೀಸನ್ ಈಸ್ ಬಿಕಾಸ್" ಕೂಡ ಹಾಗೇ, ಬಿಕಾಸ್ ಜಾಗದಲ್ಲಿ "ದಟ್" ಹಾಕಿ.

"ಮೈಸೆಲ್ಫ್" ಹುಡುಕಿ. "ಮೈಸೆಲ್ಫ್ ರಮೇಶ್ ಫ್ರಮ್ ಹಾಸನ್" ಅಂತ ಶುರು ಮಾಡೋದು ಬಿಟ್ಟು "ಐ ಆಮ್ ರಮೇಶ್" ಅಂತಲೇ ಬರೀರಿ. "ಪ್ಲೀಸ್ ಕಾಂಟ್ಯಾಕ್ಟ್ ಸುಮಾ ಆರ್ ಮೈಸೆಲ್ಫ್" ಅನ್ನೋದೂ ತುಂಬಾ ನಡೀತಿದೆ, ಅಲ್ಲಿ "ಸುಮಾ ಆರ್ ಮಿ" ಸರಿ, ಮಿ ಅಂದ್ರೆ ಒರಟು ಅಂತ ಯಾಕೋ ಜನಕ್ಕೆ ಅನಿಸಿದೆ, ಹಾಗೇನೂ ಇಲ್ಲ. ಸುಮಾ ಹೆಸರು ತೆಗೆದು ಓದಿ ನೋಡಿ, "ಕಾಂಟ್ಯಾಕ್ಟ್ ಮಿ" ತಾನೇ ಸರಿ ಅನ್ಸೋದು. "ಬಿಟ್ವೀನ್ ಯು ಅಂಡ್ ಐ" ಕೂಡ ಇದೇ ಭಯದಿಂದ ಹುಟ್ಟಿದ್ದು, ಅದು "ಬಿಟ್ವೀನ್ ಯು ಅಂಡ್ ಮಿ".

ಒತ್ತಿ ಹೇಳೋ "ಏ" ಕೂಡ ನುಸುಳುತ್ತೆ. "ನಿನ್ನೆನೇ ಕಳಿಸಿದೆ" ಅನ್ನೋದು "ಐ ಸೆಂಟ್ ಇಟ್ ಯೆಸ್ಟರ್ಡೇ ಓನ್ಲಿ" ಆಗುತ್ತೆ. ನಮ್ಮೂರಲ್ಲಿ ಮಾತಾಡೋಕೆ ಏನೂ ತೊಂದರೆ ಇಲ್ಲ, ಆದ್ರೆ ಹೊರಗಿನವರು ಇದನ್ನ ನಿನ್ನೆ ಮಾತ್ರ ಅಂತ ಓದ್ತಾರೆ. ಬರವಣಿಗೆಯಲ್ಲಿ ಓನ್ಲಿ ತೆಗೆದುಬಿಡಿ.

## ಹಂತ 4: ಹೆಚ್ಚಾಗಿರೋ ಮತ್ತು ಬಿಟ್ಟುಹೋಗಿರೋ ಪ್ರಿಪೊಸಿಷನ್

ಪ್ರಿಪೊಸಿಷನ್ ಅಂದ್ರೆ ಇನ್, ಆನ್, ಟು, ಫಾರ್, ಅಬೌಟ್ ಥರದ ಪದಗಳು. ಮೊದಲು ಹೆಚ್ಚಾಗಿರೋದನ್ನ ಕೀಳಿ. ಬಜೆಟ್ "ಬಗ್ಗೆ" ಚರ್ಚಿಸಿದ್ವಿ, ಹಾಗಾಗಿ "ಡಿಸ್ಕಸ್ಡ್ ಅಬೌಟ್ ದ ಬಜೆಟ್". ಇಂಗ್ಲಿಷಿನ ಡಿಸ್ಕಸ್ ಒಳಗೇ ಬಗ್ಗೆ ಇದೆ, "ಡಿಸ್ಕಸ್ಡ್ ದ ಬಜೆಟ್" ಸಾಕು. ಅದೇ ನಾಮಪದ ಆದ್ರೆ, ಅಂದ್ರೆ "ಎ ಡಿಸ್ಕಷನ್ ಅಬೌಟ್ ದ ಬಜೆಟ್" ಅಂದ್ರೆ, ಅಬೌಟ್ ಬೇಕು, ಗೊಂದಲ ಹುಟ್ಟೋದೇ ಇಲ್ಲಿ. ರಿಕ್ವೆಸ್ಟ್, ಆರ್ಡರ್, ಎಂಫಸೈಸ್ ಎಲ್ಲಕ್ಕೂ ಇದೇ ಲೆಕ್ಕ: "ಎ ರಿಕ್ವೆಸ್ಟ್ ಫಾರ್ ಲೀವ್" ಸರಿ, "ಐ ರಿಕ್ವೆಸ್ಟೆಡ್ ಫಾರ್ ಲೀವ್" ತಪ್ಪು. "ಎಂಫಸಿಸ್ ಆನ್" ಸರಿ, "ಎಂಫಸೈಸ್ ಆನ್" ತಪ್ಪು. ಇದೊಂದು ಸೂತ್ರ ನೆನಪಿಟ್ಕೊಂಡ್ರೆ ಅರ್ಧ ಪಟ್ಟಿ ಬಾಯಿಪಾಠ ಮಾಡೋದು ತಪ್ಪುತ್ತೆ.

"ಕೋಪ್ ಅಪ್ ವಿತ್" ಅಲ್ಲಿ ಅಪ್ ಬೇಡ. "ಕಂಪ್ರೈಸಸ್ ಆಫ್" ಅಲ್ಲಿ ಆಫ್ ಬೇಡ, ಆಫ್ ಬೇಕೇ ಬೇಕು ಅಂದ್ರೆ "ಕನ್ಸಿಸ್ಟ್ಸ್ ಆಫ್". "ರಿಟರ್ನ್ ಬ್ಯಾಕ್", "ರಿವರ್ಟ್ ಬ್ಯಾಕ್", "ರಿಪೀಟ್ ಅಗೇನ್" ಮೂರರಲ್ಲೂ ಕೊನೇ ಪದ ದಂಡ. "ಮ್ಯಾರೀಡ್ ವಿತ್" ಅಲ್ಲ, "ಮ್ಯಾರೀಡ್ ಟು".

ಬಿಟ್ಟುಹೋಗಿರೋದನ್ನ ಹುಡುಕೋದು ಇನ್ನೂ ಕಷ್ಟ, ಯಾಕಂದ್ರೆ ಇಲ್ಲದೇ ಇರೋದನ್ನ ಕಂಟ್ರೋಲ್ ಎಫ್ ಹುಡುಕಲ್ಲ. ಹಾಗಾಗಿ ಕ್ರಿಯಾಪದ ಹುಡುಕಿ. "ಎಕ್ಸ್‌ಪ್ಲೇನ್ ಮಿ" ಅನ್ನೋದು "ಎಕ್ಸ್‌ಪ್ಲೇನ್ ಇಟ್ ಟು ಮಿ" ಆಗ್ಬೇಕು. "ಸಜೆಸ್ಟ್ ಮಿ ಎ ಗುಡ್ ಫೋನ್" ಅಲ್ಲಿ ಮಿ ತೆಗೀರಿ. ಲಿಸನ್ ಮುಂದೆ ಟು, ವೇಟ್ ಮುಂದೆ ಫಾರ್, ಡಿಸ್ಪೋಸ್ ಮುಂದೆ ಆಫ್ ಇದೆಯಾ ನೋಡಿ. ಅನುಮಾನ ಬಂದ ಪ್ರತಿ ಪದಕ್ಕೂ ಲರ್ನರ್ಸ್ ನಿಘಂಟು ತೆಗೆದು ಉದಾಹರಣೆ ನೋಡಿ, ಗೂಗಲಲ್ಲಿ ಅಷ್ಟು ಸಾವಿರ ರಿಸಲ್ಟ್ ಬಂತು ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ, ತಪ್ಪಾಗಿ ಬರೆದಿರೋದೂ ಅಷ್ಟೇ ಸಾವಿರ ಸಿಗುತ್ತೆ.

## ಹಂತ 5: ಎ, ಆನ್, ದ

ಕನ್ನಡದಲ್ಲಿ ಆರ್ಟಿಕಲ್ ಅನ್ನೋದೇ ಇಲ್ಲ, ಅದಕ್ಕೆ ನಾವು ಒಂದೋ ಪೂರ್ತಿ ಬಿಡ್ತೀವಿ ಇಲ್ಲ ಎಲ್ಲಾ ಕಡೆ "ದ" ಸುರೀತೀವಿ. ಪೂರ್ತಿ ಹಿಡಿತಕ್ಕೆ ವರ್ಷಗಟ್ಟಲೆ ಓದ್ಬೇಕು, ಆದ್ರೆ ಒಂದು ಮೇಲ್ ತಿದ್ದೋಕೆ ಈ ಪರೀಕ್ಷೆ ಸಾಕಾಗುತ್ತೆ.

ಪ್ರತಿ ನಾಮಪದದ ಮೇಲೆ ಬೆರಳಿಟ್ಟು ಕೇಳಿ: ಯಾವುದು ಅಂತ ಓದೋರಿಗೆ ಗೊತ್ತಾ? ಗೊತ್ತಿದ್ರೆ "ದ". ಗೊತ್ತಿಲ್ಲ, ಮತ್ತೆ ಅದು ಎಣಿಸೋಕಾಗೋ ಒಂದೇ ವಸ್ತು, ಆಗ "ಎ" ಅಥವಾ "ಆನ್". ಗೊತ್ತಿಲ್ಲ, ಮತ್ತೆ ಅದು ಬಹುವಚನ ಇಲ್ಲ ಎಣಿಸೋಕಾಗದ್ದು, ಆಗ ಏನೂ ಬೇಡ. ಎಣಿಸೋಕಾಗೋ ಏಕವಚನದ ಪದ ತನ್ನ ಹಿಂದೆ ಎ, ದ, ಮೈ, ದಿಸ್ ಯಾವುದೂ ಇಲ್ಲದೇ ಬೆತ್ತಲೆ ನಿಂತಿದ್ರೆ ಅಲ್ಲಿ ಏನೋ ಬಿಟ್ಟುಹೋಗಿದೆ ಅಂತಲೇ ತಿಳ್ಕೊಳ್ಳಿ. "ಐ ಆಮ್ ಇಂಜಿನಿಯರ್" ಅಂತ ಎಷ್ಟು ರೆಸ್ಯೂಮೆಗಳಲ್ಲಿ ಇರುತ್ತೋ, ಅದು "ಆನ್ ಇಂಜಿನಿಯರ್".

ಎ ಅಥವಾ ಆನ್ ಅನ್ನೋದು ಶಬ್ದ ಕೇಳಿ ಹಾಕೋದು, ಅಕ್ಷರ ನೋಡಿ ಅಲ್ಲ. ಎಂಎಲ್ಎ, ಎಂಬಿಎ ಎರಡೂ "ಎ" ಶಬ್ದದಿಂದ ಶುರು, ಹಾಗಾಗಿ ಆನ್. ಅವರ್ ಅನ್ನೋದ್ರಲ್ಲಿ ಎಚ್ ಕೇಳಿಸಲ್ಲ, ಆನ್. ಯೂನಿವರ್ಸಿಟಿ "ಯ" ಶಬ್ದ, ಯುರೋಪಿಯನ್ನೂ ಅಷ್ಟೇ, ಒನ್ "ವ" ಶಬ್ದ, ಮೂರಕ್ಕೂ ಎ. ಕನ್ನಡ ಲಿಪಿಯಲ್ಲಿ ಬರೆದು ನೋಡಿ, ಸ್ವರದಿಂದ ಶುರುವಾದ್ರೆ ಆನ್, ವ್ಯಂಜನ ಆದ್ರೆ ಎ, ನಮ್ಮ ಲಿಪಿ ಇಲ್ಲಿ ಇಂಗ್ಲಿಷಿನವರಿಗಿಂತ ನಮಗೆ ಹೆಚ್ಚು ಸಹಾಯ ಮಾಡುತ್ತೆ.

ಹೆಸರುಗಳ ಜೊತೆ: ನದಿಗೆ ದ ಬೇಕು, ದ ಕಾವೇರಿ. ಬೆಟ್ಟದ ಸಾಲಿಗೆ ಬೇಕು, ದ ವೆಸ್ಟರ್ನ್ ಘಾಟ್ಸ್. ಊರು, ರಾಜ್ಯ, ಭಾಷೆಗೆ ಬೇಡ, ಮೈಸೂರು, ಕರ್ನಾಟಕ, ಕನ್ನಡ ಹಾಗೇ ನಿಲ್ಲುತ್ತೆ.

## ಹಂತ 6: ಬೇಡದ "ಎಸ್", ಬೇಕಾದ "ಎಸ್"

ಇನ್ಫರ್ಮೇಶನ್, ಅಡ್ವೈಸ್, ಫರ್ನಿಚರ್, ಎಕ್ವಿಪ್‌ಮೆಂಟ್, ಲಗೇಜ್, ಫೀಡ್‌ಬ್ಯಾಕ್, ಸಾಫ್ಟ್‌ವೇರ್, ಹೋಮ್‌ವರ್ಕ್. ಇವಕ್ಕೆ ಕೊನೇಲಿ ಎಸ್ ಹಚ್ಚಬೇಡಿ. ಎಣಿಸ್ಬೇಕು ಅಂದ್ರೆ "ಟೂ ಪೀಸಸ್ ಆಫ್ ಅಡ್ವೈಸ್". ಸ್ಟಾಫ್ ಅಂದ್ರೆ ಇಡೀ ಸಿಬ್ಬಂದಿ, ಐದು ಜನ ಇದ್ರೆ "ಫೈವ್ ಸ್ಟಾಫ್ ಮೆಂಬರ್ಸ್".

ಇದಕ್ಕೆ ವಿರುದ್ಧದ ತಪ್ಪು "ಒನ್ ಆಫ್ ಮೈ ಫ್ರೆಂಡ್". ನಾವು ನನ್ನ ಫ್ರೆಂಡ್ ಒಬ್ಬ ಅಂತೀವಿ, ಎರಡು ಪುಸ್ತಕ ಅಂತೀವಿ, ಸಂಖ್ಯೆ ಹೇಳಿದ್ಮೇಲೆ "ಗಳು" ಬೇಕು ಅಂತ ಕಡ್ಡಾಯ ಇಲ್ಲ. ಇಂಗ್ಲಿಷಲ್ಲಿ ಕಡ್ಡಾಯ. "ಒನ್ ಆಫ್" ಅಂತ ಹುಡುಕಿ, ಮುಂದಿನ ನಾಮಪದ ಬಹುವಚನ ಇರ್ಬೇಕು, ಅದರ ಕ್ರಿಯಾಪದ ಏಕವಚನ ಇರ್ಬೇಕು: "ಒನ್ ಆಫ್ ಮೈ ಫ್ರೆಂಡ್ಸ್ ವರ್ಕ್ಸ್ ದೇರ್". ಈಚ್, ಎವ್ರಿ ಆದ್ಮೇಲೆ ಮಾತ್ರ ಏಕವಚನ.

## ಹಂತ 7: ಅವಳಿ ಪದಗಳು

ಈಗ ಸ್ಪೆಲಿಂಗ್. ಇವು ನಿಘಂಟಲ್ಲಿರೋ ಸರಿಯಾದ ಪದಗಳೇ ಆದ್ದರಿಂದ ಸಾದಾ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯದೇ ಬಿಡೋದು ಮಾಮೂಲು. ಒಂದೊಂದಾಗಿ ಹುಡುಕಿ, ವರ್ಡಲ್ಲಾದ್ರೆ "ಹೋಲ್ ವರ್ಡ್ಸ್ ಓನ್ಲಿ" ಅನ್ನೋ ಆಯ್ಕೆ ಹಾಕ್ಕೊಳ್ಳಿ, ಇಲ್ಲಾಂದ್ರೆ ದ್ಯಾನ್ ಹುಡುಕಿದ್ರೆ ಎಲ್ಲಾ ಥ್ಯಾಂಕ್ಸೂ ಬಂದು ನಿಲ್ಲುತ್ತೆ.

ನಮಗೆ ವಿಶೇಷವಾಗಿ ಕಾಟ ಕೊಡೋದು ಎಸ್ ಮತ್ತು ಜ಼ಡ್ ಶಬ್ದದ ಜೋಡಿಗಳು, ಕನ್ನಡದಲ್ಲಿ ಆ ಜ಼ಡ್ ಶಬ್ದ ಮೂಲದಲ್ಲಿ ಇಲ್ಲದೇ ಇರೋದ್ರಿಂದ ಕಿವಿಗೆ ಎರಡೂ ಒಂದೇ. ಎಲ್-ಓ-ಎಸ್-ಇ ಅಂದ್ರೆ ಕಳ್ಕೊಳ್ಳೋದು, ಎಲ್-ಓ-ಓ-ಎಸ್-ಇ ಅಂದ್ರೆ ಸಡಿಲ. ಕಳ್ಕೊಂಡಾಗ ಒಂದು ಓ ಕೂಡ ಕಳ್ದುಹೋಗಿದೆ ಅಂತ ನೆನಪಿಟ್ಕೊಳ್ಳಿ. ಅಡ್ವೈಸ್ ಕೊನೇಲಿ ಸಿ-ಇ ಇದ್ರೆ ಸಲಹೆ, ಎಸ್-ಇ ಇದ್ರೆ ಸಲಹೆ ಕೊಡೋ ಕ್ರಿಯೆ. ಪ್ರೈಸ್ ಸಿ ಜೊತೆ ಬೆಲೆ, ಜ಼ಡ್ ಜೊತೆ ಬಹುಮಾನ. ಬ್ರಿಟಿಷ್ ಸ್ಪೆಲಿಂಗಲ್ಲಿ ಪ್ರಾಕ್ಟಿಸ್ ಮತ್ತು ಲೈಸೆನ್ಸ್ ಕೂಡ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಅಮೆರಿಕದಲ್ಲಿ ಪ್ರಾಕ್ಟಿಸ್ ಎರಡಕ್ಕೂ ಸಿ, ಲೈಸೆನ್ಸ್ ಎರಡಕ್ಕೂ ಎಸ್. ಯಾವುದೋ ಒಂದು ಪದ್ಧತಿ ಆರಿಸ್ಕೊಂಡು ಇಡೀ ಡಾಕ್ಯುಮೆಂಟಿಗೆ ಅದನ್ನೇ ಇಡಿ, ವರ್ಡಲ್ಲಿ ಪ್ರೂಫಿಂಗ್ ಭಾಷೆ ಯಾವ ದೇಶದ ಇಂಗ್ಲಿಷಿಗೆ ಸೆಟ್ ಆಗಿದೆ ಅಂತನೂ ನೋಡ್ಕೊಳ್ಳಿ.

ಹೋಲಿಕೆ ಇದ್ರೆ ಎ ಇರೋ ದ್ಯಾನ್, ಆಮೇಲೆ ಅನ್ನೋ ಅರ್ಥಕ್ಕೆ ಇ ಇರೋ ದೆನ್. ಎ-ಎಫ್-ಎಫ್ ಇಂದ ಶುರುವಾಗೋ ಅಫೆಕ್ಟ್ ಸಾಮಾನ್ಯವಾಗಿ ಕ್ರಿಯಾಪದ, ಇ ಇಂದ ಶುರುವಾಗೋ ಎಫೆಕ್ಟ್ ನಾಮಪದ. ಪ್ರಿನ್ಸಿಪಲ್ ಕೊನೇಲಿ ಪಿ-ಎ-ಎಲ್ ಇದ್ರೆ ಕಾಲೇಜಿನ ಮುಖ್ಯಸ್ಥರು, ಪಿ-ಎಲ್-ಇ ಇದ್ರೆ ತತ್ವ. ಸ್ಟೇಷನರಿ ಒಳಗೆ ಇ-ಆರ್ ಇದ್ರೆ ಪೆನ್ನು ಪೇಪರು, ಎ-ಆರ್ ಇದ್ರೆ ನಿಂತಿರೋದು. ಕ್ವಯಟ್ ಮತ್ತು ಕ್ವೈಟ್ ಅಕ್ಷರ ಅದಲುಬದಲು ಆಗಿರುತ್ತೆ, ಟಿ ಕೊನೇಲಿದ್ರೆ ಸದ್ದಿಲ್ಲದ್ದು.

ಇಂಗ್ಲಿಷ್ ಮನೆಮಾತಾಗಿರೋರು ಮಾಡೋ ತಪ್ಪುಗಳೂ ಇವೆ, "ಕುಡ್ ಹ್ಯಾವ್" ಅನ್ನೋದನ್ನ ಕೇಳಿಸ್ಕೊಂಡು "ಕುಡ್ ಆಫ್" ಅಂತ ಬರೆಯೋದು ಅವರದ್ದೇ. ಆನ್‌ಲೈನಲ್ಲಿ ಅಮೆರಿಕದವರು ಬರೆದಿದ್ದಾರೆ ಅಂತ ಅದನ್ನ ಸರಿ ಅನ್ಕೊಂಡು ತಗೋಬೇಡಿ.

## ಹಂತ 8: ಅಪಾಸ್ಟ್ರಫಿ ಮತ್ತು ಕಾಮಾ

ಡಾಕ್ಯುಮೆಂಟಲ್ಲಿ ಅಪಾಸ್ಟ್ರಫಿ (') ಚಿಹ್ನೆಯನ್ನೇ ಹುಡುಕಿ, ಒಂದೊಂದಕ್ಕೂ ಲೆಕ್ಕ ಕೇಳಿ. ಅದು ಬಿಟ್ಟುಹೋದ ಅಕ್ಷರದ ಜಾಗ ಆಗಿರ್ಬೇಕು, ಇಲ್ಲ ಯಾರದ್ದು ಅಂತ ತೋರಿಸ್ತಿರ್ಬೇಕು. ಬಹುವಚನಕ್ಕೆ ಹಾಕಿದ್ರೆ ತೆಗೀರಿ, ಫೋಟೋ, ಪಿಡಿಎಫ್ ಇವಕ್ಕೆ ಬರೀ ಎಸ್ ಸಾಕು.

ಇಟ್ಸ್ ವಿಷಯ: ಐ-ಟಿ ಆದ್ಮೇಲೆ ಅಪಾಸ್ಟ್ರಫಿ ಇದ್ರೆ ಅದು "ಇಟ್ ಈಸ್" ಅಥವಾ "ಇಟ್ ಹ್ಯಾಸ್" ಮಾತ್ರ. ಬಿಡಿಸಿ ಓದಿ, ವಾಕ್ಯ ನಿಂತ್ರೆ ಇರಲಿ, ಮುರಿದ್ರೆ ಅಪಾಸ್ಟ್ರಫಿ ತೆಗೀರಿ. ಯುವರ್ಸ್, ಹರ್ಸ್, ಅವರ್ಸ್, ದೇರ್ಸ್ ಅನ್ನೋ ಸ್ವಾಮ್ಯ ಸೂಚಿಸೋ ಪದಗಳಿಗೂ ಯಾವತ್ತೂ ಅಪಾಸ್ಟ್ರಫಿ ಇಲ್ಲ, ಇಟ್ಸ್ ಅದೇ ಕುಟುಂಬದ್ದು. "ಯು ಆರ್" ಅಂತ ಬಿಡಿಸೋಕಾದ್ರೆ ಅಪಾಸ್ಟ್ರಫಿ ಇರೋ ರೂಪ, ನಿಮ್ಮ ಅನ್ನೋ ಅರ್ಥ ಆದ್ರೆ ವೈ-ಓ-ಯು-ಆರ್. ಫೋನಿನ ಕೀಬೋರ್ಡ್ ತಾನೇ ತಾನಾಗಿ ಇವನ್ನ ಬದಲಾಯಿಸುತ್ತೆ, ಹಾಗಾಗಿ ಮೊಬೈಲಲ್ಲಿ ಟೈಪ್ ಮಾಡಿದ್ದಿದ್ರೆ ಎರಡು ಸಲ ನೋಡಿ.

ತುಂಬಾ ಜನರದ್ದು ಅಂದ್ರೆ ಎಸ್ ಆದ್ಮೇಲೆ ಅಪಾಸ್ಟ್ರಫಿ, ಗರ್ಲ್ಸ್ ಹಾಸ್ಟೆಲ್ ಥರ. ಆದ್ರೆ ಮೆನ್, ಚಿಲ್ಡ್ರನ್ ಇವು ಆಗಲೇ ಬಹುವಚನ, ಇವಕ್ಕೆ ಅಪಾಸ್ಟ್ರಫಿ ಮೊದಲು, ಎಸ್ ಆಮೇಲೆ.

ಕಾಮಾ ವಿಷಯಕ್ಕೆ ಒಂದೇ ಎಚ್ಚರಿಕೆ. "ಐ ಹ್ಯಾವ್ ಅಟ್ಯಾಚ್ಡ್ ಮೈ ರೆಸ್ಯೂಮೆ, ಪ್ಲೀಸ್ ಚೆಕ್ ಇಟ್" ಇದರಲ್ಲಿ ಕಾಮಾದ ಎರಡೂ ಕಡೆ ಪೂರ್ಣ ವಾಕ್ಯ ಇದೆ. ಕನ್ನಡದಲ್ಲಿ ಇದು ಸಹಜ, ಇಂಗ್ಲಿಷಲ್ಲಿ ಅಲ್ಲಿ ಫುಲ್‌ಸ್ಟಾಪ್ ಹಾಕಿ.

## ಹಂತ 9: ತಿದ್ದಬಾರದ್ದನ್ನ ತಿದ್ದಬೇಡಿ

ತಿದ್ದೋ ಹುಮ್ಮಸ್ಸಲ್ಲಿ ಸರಿ ಇರೋದನ್ನ ಕೆಡಿಸೋರು ತುಂಬಾ ಜನ. ವಾಕ್ಯ ಪ್ರಿಪೊಸಿಷನಿಂದ ಮುಗೀಬಾರದು, ಅಂಡ್ ಅಥವಾ ಬಟ್ ಇಂದ ಶುರುವಾಗಬಾರದು, ಟು ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ಬರಬಾರದು, ಇವು ಮೂರೂ ಮೇಷ್ಟ್ರುಗಳ ಕಾಲದಿಂದ ಬಂದ ಭಯ, ಒಳ್ಳೇ ಇಂಗ್ಲಿಷ್ ಲೇಖಕರು ಮೂರನ್ನೂ ಮಾಡ್ತಾರೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ "ದೇ" ಬಳಸೋದೂ ಸರಿನೇ, ಶತಮಾನಗಳಿಂದ ನಡೆದು ಬಂದಿದೆ.

ಲೆಸ್ ಮತ್ತು ಫ್ಯೂಯರ್ ಬಗ್ಗೆ ಜಗಳ ಆಡೋರು ಸಿಗ್ತಾರೆ. ಔಪಚಾರಿಕ ಬರವಣಿಗೆಯಲ್ಲಿ ಎಣಿಸೋ ವಸ್ತುಗೆ ಫ್ಯೂಯರ್ ಹಾಕಿ, ಫ್ಯೂಯರ್ ಸ್ಟೂಡೆಂಟ್ಸ್. ಆದ್ರೆ ದೂರ, ದುಡ್ಡು, ಕಾಲಕ್ಕೆ ಸಂಖ್ಯೆ ಇದ್ರೂ ಲೆಸ್ಸೇ ಸರಿ: ಲೆಸ್ ದ್ಯಾನ್ 10 ಕಿಲೋಮೀಟರ್ಸ್, ಲೆಸ್ ದ್ಯಾನ್ 500 ರುಪೀಸ್. ಡೇಟಾ ಈಸ್, ಡೇಟಾ ಆರ್, ಎರಡೂ ನಡೆಯುತ್ತೆ. ಲಿಟರಲಿ ಅನ್ನೋದನ್ನ ಬರೀ ಒತ್ತು ಕೊಡೋಕೆ ಬಳಸೋದು ನಿಘಂಟುಗಳಲ್ಲೂ ದಾಖಲಾಗಿದೆ, ಆದ್ರೂ ಅದನ್ನ ಕಂಡ್ರೆ ಉರಿದುಬೀಳೋರು ಇದಾರೆ, ಕೆಲಸದ ಪತ್ರದಲ್ಲಿ ಬಿಟ್ಟುಬಿಡಿ.

ನಮ್ಮ ದೇಶದ ಇಂಗ್ಲಿಷ್ ವಿಷಯಕ್ಕೆ ಬಂದ್ರೆ, ಪ್ರಿಪೋನ್, ಔಟ್ ಆಫ್ ಸ್ಟೇಷನ್, ಕಸಿನ್ ಬ್ರದರ್, ಡು ದ ನೀಡ್‌ಫುಲ್, ಇವನ್ನ ತಪ್ಪು ಅಂತ ನಾಚಿಕೆ ಪಡೋ ಅಗತ್ಯ ಖಂಡಿತ ಇಲ್ಲ. ಪ್ರಿಪೋನ್ ಆಕ್ಸ್‌ಫರ್ಡ್ ನಿಘಂಟಲ್ಲೇ ಇದೆ, ಹುಬ್ಬಳ್ಳಿ ಆಫೀಸಿಂದ ಬೆಂಗಳೂರು ಆಫೀಸಿಗೆ ಬರೆಯುವಾಗ ಆರಾಮಾಗಿ ಬಳಸಿ. ನೋಡ್ಬೇಕಾಗಿರೋದು ಓದೋರು ಯಾರು ಅನ್ನೋದು ಮಾತ್ರ. ಹೊರದೇಶದವರಿಗೆ "ಪಾಸ್ಡ್ ಔಟ್ ಇನ್ 2019" ಅಂದ್ರೆ ಪ್ರಜ್ಞೆ ತಪ್ಪಿ ಬಿದ್ರು ಅನ್ನೋ ಅರ್ಥ ಹೊಳೆಯಬಹುದು, "ಗ್ರಾಜುಯೇಟೆಡ್ ಇನ್ 2019" ಅನ್ನಿ. "ಐ ವಿಲ್ ರಿವರ್ಟ್" ಬದಲು "ಐ ವಿಲ್ ರಿಪ್ಲೈ". 10 ಲಕ್ಷನ 1 ಮಿಲಿಯನ್ ಅಂತ ಬರೀರಿ, 1 ಕೋಟಿನ 10 ಮಿಲಿಯನ್ ಅಂತ. ತಾರೀಖು 03/04 ಅಂತ ಬರೆದ್ರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4, ತಿಂಗಳ ಹೆಸರನ್ನೇ ಬರೆದುಬಿಡಿ. ಇದರಿಂದ ಮೀಟಿಂಗೇ ತಪ್ಪಿಹೋಗಬಹುದು, ಕಾಮಾ ತಪ್ಪಿಗಿಂತ ಇದು ದೊಡ್ಡದು.

## ಹಂತ 10: ಈಗ ಸಾಫ್ಟ್‌ವೇರ್, ಆಮೇಲೆ ನಿಮ್ಮದೇ ಪಟ್ಟಿ

ಈಗ ಗ್ರಾಮರ್ಲಿಯಂಥದ್ದನ್ನ ಆನ್ ಮಾಡಿ. ಮೊದಲೇ ಮಾಡಿದ್ರೆ ಅದು ಗೆರೆ ಎಳೆದ ಕಡೆ ಮಾತ್ರ ಕಣ್ಣು ಹೋಗುತ್ತೆ, ಗೆರೆ ಇಲ್ಲದೇ ಇರೋದೆಲ್ಲ ಸರಿ ಅನ್ನೋ ನಂಬಿಕೆ ಬಂದುಬಿಡುತ್ತೆ. "ಲೆಸ್ ದ್ಯಾನ್" ಬರೀಬೇಕಾ "ಮೋರ್ ದ್ಯಾನ್" ಬರೀಬೇಕಾ ಅನ್ನೋದು ಅದಕ್ಕೆ ಗೊತ್ತಾಗಲ್ಲ, ನಿಮ್ಮ ಮನಸ್ಸಲ್ಲಿರೋ ಅರ್ಥ ನಿಮಗೆ ಮಾತ್ರ ಗೊತ್ತು. ಎಲ್ಲಾ ಸಲಹೆಗಳನ್ನ ಒಟ್ಟಿಗೆ ಒಪ್ಪೋ ಬಟನ್ ಒತ್ತಬೇಡಿ, ಒಂದೊಂದಾಗಿ ನೋಡಿ, ಯಾಕೆ ಅಂತ ಅರ್ಥ ಆಗದ ಸಲಹೆಯನ್ನ ನಿಘಂಟಲ್ಲಿ ಪರೀಕ್ಷೆ ಮಾಡದೇ ತಗೋಬೇಡಿ. ಎಐ ಚಾಟ್‌ಬಾಟಿಗೆ ಕೊಡೋರು "ಪೂರ್ತಿ ತಿದ್ದಿ ಕೊಡು" ಅನ್ನೋ ಬದಲು "ತಪ್ಪಿರೋ ವಾಕ್ಯಗಳನ್ನ ತೋರಿಸು, ಕಾರಣ ಹೇಳು, ಬದಲಾಯಿಸಬೇಡ" ಅಂತ ಕೇಳಿ. ಇಲ್ಲಾಂದ್ರೆ ಅದು ನಿಮ್ಮ ಪತ್ರನ ತನ್ನ ಧಾಟಿಗೆ ತಿರುಗಿಸಿ, ನೀವು ಹೇಳದೇ ಇರೋ ಮಾತನ್ನೂ ಸೇರಿಸಿರುತ್ತೆ, ಇಂಟರ್ವ್ಯೂನಲ್ಲಿ ಅದರ ಬಗ್ಗೆ ಪ್ರಶ್ನೆ ಬಂದಾಗ ಉತ್ತರ ಕೊಡ್ಬೇಕಾಗಿರೋದು ನೀವು.

ತಿದ್ದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ: ಎಡಗಡೆ ನೀವು ಬರೆದಿದ್ದು, ಬಲಗಡೆ ಸರಿಯಾದದ್ದು. ಕೆಲವು ಮೇಲ್ ಆದ್ಮೇಲೆ ನೋಡಿ, ನಿಮ್ಮ ತಪ್ಪುಗಳು ಬಹುಶಃ ಏಳೆಂಟು ಜಾತಿಗೇ ಸೀಮಿತವಾಗಿರುತ್ತೆ, ಒಬ್ಬರಿಗೆ ಹ್ಯಾಡ್ ಕಾಟ ಇದ್ರೆ ಇನ್ನೊಬ್ಬರಿಗೆ ಆರ್ಟಿಕಲ್. ಆಮೇಲಿಂದ ಮುಖ್ಯವಾದ ಪತ್ರಕ್ಕೆ ಮಾತ್ರ ಈ ಹತ್ತೂ ಹಂತ ಮಾಡಿ, ದಿನನಿತ್ಯದ ಮೇಲಿಗೆ ನಿಮ್ಮ ಪಟ್ಟಿಯಲ್ಲಿರೋವಷ್ಟನ್ನೇ ಹುಡುಕಿ. ಎರಡು ತಿಂಗಳು ಕಾಣಿಸ್ಕೊಳ್ಳದ ತಪ್ಪನ್ನ ಪಟ್ಟಿಯಿಂದ ಹೊಡೆದುಹಾಕಿ, ಹೊಸದು ಸಿಕ್ರೆ ಸೇರಿಸಿ, ಮತ್ತೆ ಕಳಿಸೋ ಬಟನ್ ಒತ್ತೋ ಮುಂಚೆ ಯಾರಿಗೆ ಬರೀತಿದೀರೋ ಅವರ ಹೆಸರಿನ ಸ್ಪೆಲಿಂಗ್ ಒಂದು ಸಲ ನೋಡಿ.